ಶೊಆನನ ರಾತ್ರಿಗೆ ಹೊರಟ ಬಾಡಿಗೆ ಹುಡುಗನಿಗೆ

ಎಲೊಯ್, ನಿಲ್ಲು.
ನಿಮ್ಮ ತೆರುವೆಲ್‌ನಲ್ಲಿ ಕಡಲಿಲ್ಲ, ಅದು ನಿನ್ನ ತಪ್ಪಲ್ಲ.
ಈ ಚಪ್ಪಲಿಯಲ್ಲಿ ಹೊರಟರೆ ಮಾತ್ರ ತಪ್ಪು ನಿನ್ನದೇ.
ಮರಳೊಳಗೆ ಕಳೆದ ವರ್ಷದ ಮೊಳೆಗಳಿವೆ:
ಸುಟ್ಟ ಮೇಜಿನವು, ಮಂಚದವು,
ಯಾರದೋ ಮುರಿದ ಸಂಸಾರದವು.
ಬೂಟು ಹಾಕು. ಹಳೆಯದು.

ಜೂನ್ ಎಂದು ನಂಬಿ ಕೆಡಬೇಡ.
ಹತ್ತು ಹೊಡೆದರೂ ಸೂರ್ಯ ಇಲ್ಲಿ
ಎದ್ದು ಹೋಗಲು ಮನಸ್ಸಿಲ್ಲದ ನೆಂಟ;
ಅವನು ಹೊಸಿಲು ದಾಟಿದ್ದೇ ತಡ,
ಅಟ್ಲಾಂಟಿಕ್ಕಿನ ಗಾಳಿ ಅಂಗಿಯೊಳಗೆ ನುಗ್ಗಿ
ಬೆನ್ನಿನ ಮೂಳೆ ಒಂದೊಂದೇ ಎಣಿಸುತ್ತದೆ.
ಉಣ್ಣೆ ಇರಲಿ ಮೈಮೇಲೆ. ನೈಲಾನು ಬೇಡ,
ಕಿಡಿಗೆ ಅದು ಇರುವೆಗೆ ಬೆಲ್ಲ ಕಂಡ ಹಾಗೆ.

ಸೌದೆ ಕಾಯುವ ಪೋರರ ಜೊತೆ ಜಗಳ ತೆಗೆಯಬೇಡ.
ಮೂರು ವಾರದಿಂದ ಕೂಡಿಟ್ಟಿದ್ದಾರೆ:
ಮೀನುಕಟ್ಟೆಯ ಪೆಟ್ಟಿಗೆ, ಬಾಗಿಲಿಲ್ಲದ ಬೀರು,
ಪಕ್ಕದ ಬೀದಿಯವರಿಂದ ಕದ್ದ ಎರಡು ಕಿಟಕಿ.
ಕಿಟಕಿ ನೋಡಿ ನಗಬೇಡ.
ನಮ್ಮ ಕಾಲದಲ್ಲಿ ನಾವು
ಇಗರ್ಜಿ ಹಿತ್ತಿಲಲ್ಲಿ ಗೆದ್ದಲು ಹಿಡಿದು ಬಿದ್ದಿದ್ದ
ತಪ್ಪೊಪ್ಪಿಗೆಯ ಗೂಡನ್ನೇ ಹೊತ್ತು ತಂದು ಉರಿಸಿದೆವು.
ಮರುದಿನ ಹೋಗಿ ಒಪ್ಪಿಕೊಳ್ಳೋಣವೆಂದರೆ
ಎಲ್ಲಿ? ಅದೇ ಬೂದಿ.

ತಟ್ಟೆ ಕೇಳಬೇಡ, ನಗುತ್ತಾರೆ.
ಮೆಕ್ಕೆಜೋಳದ ರೊಟ್ಟಿಯೇ ತಟ್ಟೆ.
ಬೂತಾಯಿಯ ಎಣ್ಣೆ ಇಳಿದು ಇಳಿದು
ರೊಟ್ಟಿಯ ತಳ ಮೆತ್ತಗಾಗುವವರೆಗೆ
ಮೀನು ತಿನ್ನುತ್ತ ಹೋಗು; ರೊಟ್ಟಿ ಕೊನೆಗೆ.
ಆಮೇಲೆ ಮೂರು ದಿನ ಕೈ ಮೂಸಿಕೊಳ್ಳಬೇಡ.

ಬಿಡಬೇಕಾದ್ದನ್ನು ಚೀಟಿಯಲ್ಲಿ ಬರೆದು ಬೆಂಕಿಗೆ ಹಾಕು,
ಚಿಕ್ಕದಾಗಿ ಬರೆ.
ಉದ್ದ ಕಾಗದ ಅರ್ಧ ಬೆಂದು ಹಾರಿ
ಕಂಡವರ ಮಡಿಲಿಗೆ ಬೀಳುತ್ತದೆ.
ಔಷಧಿ ಅಂಗಡಿಯ ಹೆಂಗಸು ಏನು ಬಿಡಬೇಕೆಂದಿದ್ದಳೋ
ಹನ್ನೊಂದು ವರ್ಷದಿಂದ ನನಗೆ ಗೊತ್ತು.
ಇಲ್ಲ, ಹೇಳುವುದಿಲ್ಲ.

ಬೆಂಕಿ ಹಾರುವಾಗ ಬೆಸ ಸಂಖ್ಯೆ.
ಉರಿ ಮೊಣಕಾಲಿಗಿಳಿದ ಮೇಲೆ, ಗಾಳಿಯ ಬೆನ್ನಿಗೆ,
ಎದುರಿನಿಂದ ಯಾರೂ ಓಡಿ ಬರುತ್ತಿಲ್ಲವೆಂದು ನೋಡಿಕೊಂಡು.
ನಮ್ಮ ಶುರ್ಶೊ ನೋಡಿಕೊಳ್ಳಲಿಲ್ಲ,
ಉಶೀಯಾಳ ಹಣೆಗೆ ಮುಂದಿನ ಹಲ್ಲು ಕೊಟ್ಟ.
ಈಗ ಮೂರು ಮಕ್ಕಳು.
ಹಲ್ಲು ಇನ್ನೂ ಕಟ್ಟಿಸಿಲ್ಲ.

ನಡುರಾತ್ರಿ ನೀರಿಗಿಳಿಯುತ್ತಾರೆ. ಒಂಬತ್ತು ಅಲೆ.
ಕಡಲಿಗೆ ಬೆನ್ನು ಮಾಡಬೇಡ, ಯಾವತ್ತೂ.
ಕುಡಿದವರ ಪಕ್ಕ ನಿಲ್ಲಬೇಡ.
ಮತ್ತೆ, ಗಟ್ಟಿಯಾಗಿ ಎಣಿಸು.

ನಮ್ಮಲ್ಲಿ ಎಣಿಸುತ್ತಿದ್ದವಳು ನನ್ನಕ್ಕ ಎರ್ಮಿತಾಸ್.
ನಲವತ್ತು ವರ್ಷ ಮೀನುಕಟ್ಟೆಯಲ್ಲಿ
ಬೂತಾಯಿ ನೂರು ನೂರು ಎಣಿಸಿದ ಬಾಯಿ ಅದು.
ಆ ವರ್ಷ ಐದು ಅಂದಳು, ಆರು ಅಂದಳು,
ಏಳು ಅಂದು
ನಾಲ್ಕು ಅಂದಳು.
ತಮಾಷೆಯೆಂದುಕೊಂಡು ನಕ್ಕೆವು.
ಅವಳೂ ನಕ್ಕಳು. ಮತ್ತೆ ಐದು, ಆರು, ನಾಲ್ಕು.
ಬೆಂಕಿಯ ಬೆಳಕಲ್ಲಿ ಅವಳ ಮುಖ ನೋಡಿದೆ:
ಚಿಲ್ಲರೆ ಎಲ್ಲೋ ಬೀಳಿಸಿಕೊಂಡು
ಲಂಗದ ಜೇಬು ತಡಕುವವಳ ಮುಖ.

ಸರಿ ಮಾಡಲಿಲ್ಲ ನಾನು. ಕೈ ಹಿಡಿದುಕೊಂಡೆ.
ಅವಳ ಲೆಕ್ಕದಲ್ಲಿ ಒಂಬತ್ತು ಬರುವವರೆಗೆ ನಿಂತೆವು,
ಕಾಲು ಇವೆಯೋ ಇಲ್ಲವೋ ತಿಳಿಯದಷ್ಟು ಹೊತ್ತು.
ಒಂದೊಂದು ಬೆಂಕಿಯೇ ಕುಸಿಯಿತು,
ಬ್ಯಾಂಡಿನವರು ಡೋಲು ಹೊತ್ತು ಮನೆಗೆ ಹೋದರು,
ಕಸದ ಗಾಡಿ ಬಂತು.
ಒಂಬತ್ತು ಬರಲೇ ಇಲ್ಲ.
ಎಷ್ಟು ಅಲೆ ಸಿಕ್ಕಿತು ಆ ವರ್ಷ ನಮಗೆ!
ಊರಿಗೆಲ್ಲ ಹಂಚಬಹುದಿತ್ತು.

ಇರಲಿ. ಹೊತ್ತಾಯಿತು ನಿನಗೆ.
ಬಾಲ್ಕನಿಯಲ್ಲಿ ಬೋಗುಣಿ ಇಟ್ಟಿದ್ದೇನೆ,
ಸೋಂಪಿನ ಎಲೆ, ನಾಗದಾಳಿ, ಜರಿಗಿಡ, ರೋಸ್‌ಮರಿ;
ರಾತ್ರಿಯಿಡೀ ಇಬ್ಬನಿ ಕುಡಿಯಲಿ.
ಎಷ್ಟೊತ್ತಿಗೆ ಬಂದರೂ ಮುಖ ತೊಳೆದೇ ಮಲಗು.
ಬಾಗಿಲು ಮೆಲ್ಲಗೆ, ಒಳಕೋಣೆಯಲ್ಲಿ ಅವಳಿಗೆ ನಿದ್ದೆ ತೆಳು.
ಎಚ್ಚರವಾಗಿ ಎಷ್ಟು ಅಲೆ ಎಂದು ಕೇಳಿದರೆ
ನಾಲ್ಕು ಅನ್ನು. ಇನ್ನೂ ಇವೆ ಅನ್ನು.

ಮತ್ತೆ ಎಲೊಯ್,
ಒಣ ಸಾಕ್ಸು ಒಂದು ಜೊತೆ.
ಎಲ್ಲರೂ ಮರೆಯುವುದು ಅದನ್ನೇ.