ಬಕೆಟ್ಟಿನ ಲೆಕ್ಕ

ಮೊದಲು ಒಂದು ಬಕೆಟ್ ಕೊಡಿ, ಎಂದೆ.
ದೇಚಮ್ಮ ಕಾಫಿ ತಂದಿದ್ದರು.
ಕಾಫಿ ಆಮೇಲೆ. ಹತ್ತು ಲೀಟರಿನದ್ದು, ತೂತಿಲ್ಲದ್ದು.

ಅಮ್ಮತ್ತಿಯಲ್ಲಿ ಮಾರ್ಚ್ ತಿಂಗಳ ಬೆಳಗು.
ಬೇಲಿಯಾಚೆ ತೋಟದಲ್ಲಿ ದೊಡ್ಡ ಜೆಟ್‌ಗಳು
ಟಕ ಟಕ ಟಕ ಕತ್ತು ತಿರುಗಿಸುತ್ತ
ಸಿಲ್ವರ್ ಮರದ ಎತ್ತರಕ್ಕೆ ನೀರು ಉಗುಳುತ್ತಿವೆ.
ಹೂಮಳೆ ಬಾರದ ವರ್ಷ; ಮಳೆಯ ಕೆಲಸ ಡೀಸೆಲ್ಲಿಗೆ.
ಅದನ್ನೇ ನೋಡಿ ನೋಡಿ ದೇಚಮ್ಮನಿಗೆ ಆಸೆ:
ನಮ್ಮ ಅಂಗಳದ ಹುಲ್ಲಿಗೂ ಹಾಗೇ ಒಂದು,
ನಾಲ್ಕು ಮೂಲೆಗೂ, ಒಟ್ಟಿಗೆ, ಗುಂಡಿ ಒತ್ತಿದರೆ ಸಾಕು.

ಅವರದ್ದು ಕೆರೆಯ ಪಂಪು, ಮೂವತ್ತು ಕುದುರೆ.
ನಿಮ್ಮದು ಹಿಂದಿನ ದಿಬ್ಬದ ಮೇಲೆ ಕೂತ ಕಪ್ಪು ಟ್ಯಾಂಕು,
ತಾನಾಗಿ ಇಳಿದು ಬರುವ ನೀರು.
ಇಳಿಜಾರೇ ನಿಮ್ಮ ಕುದುರೆ.

ನಲ್ಲಿ ತಿರುಗಿಸಿದೆ. ಸುಬೈರ ಮೊಬೈಲಿನಲ್ಲಿ ಸೆಕೆಂಡು ಹಿಡಿದ.
ಮೂವತ್ತೆಂಟು.
ನೀರು ನಾಚಿಕೊಂಡಿರಬಹುದು ಎಂದು ಇನ್ನೊಮ್ಮೆ.
ಮೂವತ್ತೆಂಟೇ.
ಗೇಜಿನ ಮುಳ್ಳು ಒಂದನ್ನು ದಾಟಿ
ಮುಂದಿನ ಗೆರೆ ಮುಟ್ಟಲಾರದೆ ನಡುಗುತ್ತ ನಿಂತಿತು,
ಮದುವೆ ಮನೆಯ ಬಾಗಿಲಲ್ಲಿ
ಕರೆಯೋಲೆ ಮರೆತು ಬಂದವನ ಹಾಗೆ.

ಸಿಮೆಂಟ್ ಚೀಲದ ಕಾಗದ ಹರಿದು ನಕ್ಷೆ ಬರೆದೆ.
ಇದು ಮೆಟ್ಟಿಲು, ಇದು ಬಟರ್‌ಫ್ರೂಟ್ ಮರ, ಇದು ನಾಯಿಗೂಡು.
ಹದಿನೈದು ಅಡಿ ಹಾರುತ್ತೆ ಅಂತ ಡಬ್ಬಿಯ ಮೇಲೆ ಅಚ್ಚು ಹಾಕಿದ್ದಾರೆ;
ಅದು ಆ ಕಂಪನಿಯ ಊರಿನ ನೀರು.
ಇಲ್ಲಿ ಹನ್ನೊಂದು ಅಡಿಗೊಂದು ನೆಡಬೇಕು,
ಒಂದರ ಹನಿ ಇನ್ನೊಂದರ ಬುಡಕ್ಕೆ ಬೀಳಬೇಕು.
ತನ್ನ ಬುಡಕ್ಕೆ ತಾನೇ ನೀರು ಹಾಕಿಕೊಳ್ಳಲು
ಯಾವ ಸ್ಪ್ರಿಂಕ್ಲರಿಗೂ ಬರುವುದಿಲ್ಲ.

ಒಟ್ಟು ಒಂಬತ್ತು ತಲೆ. ತಲೆಗೆ ನಿಮಿಷಕ್ಕೆ ಐದು ಲೀಟರ್.
ನಮ್ಮ ಬಕೆಟ್ಟು ಹೇಳಿದ್ದು ಹದಿನೈದು ಚಿಲ್ಲರೆ.
ಹಾಗಾಗಿ ಮೂರು ಮೂರು, ಸರದಿಯಲ್ಲಿ.
ಒಂಬತ್ತೂ ಒಟ್ಟಿಗೆ ಬಿಟ್ಟರೆ?
ಒಂಬತ್ತೂ ಜೊಲ್ಲು ಸುರಿಸುತ್ತವೆ ಅಮ್ಮ, ಅಷ್ಟೇ.

ನಕ್ಕರು. ಆದರೆ ಸರದಿ ಎಂಬ ಮಾತು ಹಿಡಿಸಲಿಲ್ಲ.
ಏಳು ಮಕ್ಕಳಲ್ಲಿ ಆರನೆಯವರಂತೆ;
ಬಚ್ಚಲ ಹಂಡೆಗೆ ಕಾದು ಕಾದು
ಕೊನೆಗೆ ಸಿಗುತ್ತಿದ್ದದ್ದು ಉಗುರುಬೆಚ್ಚಗಿನ ತಳದ ನೀರಂತೆ.

ಅಲ್ಲಿಗಂತೂ ಬೇಡ, ಎಂದು ಬೆರಳು ತೋರಿಸಿದರು.
ಬಟರ್‌ಫ್ರೂಟ್ ಮರದಾಚೆ ಚಾಪೆಯಗಲ ಹಸಿರು.
ಎಂಥ ಹಸಿರು! ಸುತ್ತಲಿನ ಹುಲ್ಲೆಲ್ಲ ನಾರಾಗಿರುವಾಗ.
ಅದಕ್ಕೆ ನಾನು ಏನೂ ಹಾಕಿಲ್ಲ. ಸಂಜೆ ಅಲ್ಲೇ ಕುರ್ಚಿ ಹಾಕಿ ಕೂರುವುದು.
ಆ ಮಣ್ಣಲ್ಲಿ ಏನೋ ಇದೆ.

ಏನೋ ಇದೆ ಎಂದು ನನಗೂ ಗೊತ್ತಾಯಿತು.
ಕುರ್ಚಿ ಎತ್ತಿ ಆಚೆ ಇಟ್ಟೆ. ಸುಬೈರ ಗುದ್ದಲಿ ಹಿಡಿದ.
ಒಂದೂವರೆ ಅಡಿ ಕೆಳಗೆ ಹಳೆಯ ಎಲ್ಬೋ,
ಅದರಲ್ಲಿ ಕೂದಲೆಳೆಯಂಥ ಬಿರುಕು,
ಎಷ್ಟು ವರ್ಷದಿಂದಲೋ ಯಾರಿಗೂ ಹೇಳದೆ
ಅಷ್ಟಗಲಕ್ಕೆ ಮಾತ್ರ ಉಣಿಸುತ್ತಿತ್ತು.

ದೇಚಮ್ಮ ಗುಂಡಿಯ ಅಂಚಿನಲ್ಲಿ ನಿಂತರು.
ಮುಚ್ಚಿದರೆ ಇದು ಒಣಗುತ್ತಾ?
ಉಳಿದದ್ದರ ಹಾಗೆ ಆಗುತ್ತೆ, ಎಂದೆ.
ಬಹಳ ಹೊತ್ತು. ಬೇಲಿಯಾಚೆ ಟಕ ಟಕ ಟಕ.
ಮುಚ್ಚಿ, ಎಂದರು,
ಮನೆಯ ಕಳ್ಳನನ್ನು ಒಪ್ಪಿಸಿಕೊಡುವ ದನಿಯಲ್ಲಿ.
ಆಮೇಲೆ ಮೆತ್ತಗೆ: ಮೊದಲ ಸರದಿ ಈ ಮೂಲೆಗೇ ಇರಲಿ.

ಹೊಸ ಎಲ್ಬೋ ಕೂರಿಸಿ, ಅಂಟು ಒಣಗುವವರೆಗೆ
ಆರಿದ ಕಾಫಿ ಕುಡಿದೆವು.
ಮತ್ತೆ ಬಕೆಟ್ಟು. ಮೂವತ್ತೊಂದು ಸೆಕೆಂಡು.
ನಿಮಿಷಕ್ಕೆ ಹತ್ತೊಂಬತ್ತು ಲೀಟರು, ಮೇಲೆ ಸ್ವಲ್ಪ.
ನಾಲ್ಕನೇ ತಲೆಗೆ ಒಂದು ಗುಟುಕು ಕಡಿಮೆ.

ಆ ಒಂದು ಗುಟುಕನ್ನು ಎಲ್ಲಿಂದ ತರಲಿ ಎಂದು
ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು ಕೂತಿದ್ದೇನೆ.
ದೇಚಮ್ಮ ಕುರ್ಚಿಯನ್ನು ಹಳೆಯ ಜಾಗಕ್ಕೇ ಎಳೆದು ತಂದು
ಕೂತಿದ್ದಾರೆ.
ಅದರ ಒಂದು ಕಾಲು ಹಸಿ ಮಣ್ಣಿನಲ್ಲಿ
ನಿಧಾನ ಇಳಿಯುತ್ತಿದೆ.