ಡಬ್ಬಿ ತುಂಬ ಸೊನ್ನೆ

ಹತ್ತೊಂಬತ್ತು ವರ್ಷ ಶೇಟರ ಪಾತ್ರೆ ಅಂಗಡಿಯ ಮೂಲೆಯಲ್ಲಿ
ಗುಂಯ್‌ಗುಡುವ ಸೂಜಿ ಹಿಡಿದು ಹೆಸರು ಕೊರೆದವಳು ನಾನು.
ಕೊಡಪಾನದ ಕಂಠಕ್ಕೆ, ತಾಟಿನ ಬೆನ್ನಿಗೆ,
ಮದುಮಕ್ಕಳ ಹೆಸರು, ಕೊಟ್ಟವರ ಹೆಸರು, ತಾರೀಖು.
ಅಕ್ಷರಕ್ಕೊಂದು ರೂಪಾಯಿ. ಒತ್ತು ಪುಕ್ಕಟೆ.
ರಾತ್ರಿ ಅನ್ನ ಕಲಸುವಾಗಲೂ ಬೆರಳು ಜುಮುಗುಡುತ್ತಿದ್ದವು.

ಈಗ ಕೋಡಿಬಾಗದಲ್ಲಿ ಬಾಡಿಗೆ ಮಳಿಗೆ, ಸಂಘದ ಸಾಲ,
ಸಾಲದಲ್ಲಿ ಬಂದ ಲೇಸರ್ ಮಶೀನು:
ಮೀನಿನ ಐಸ್ ಪೆಟ್ಟಿಗೆಯಷ್ಟು ಉದ್ದ,
ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಸೂಜಿ.
ಕಲಿಸಲು ತನುಜಾ. ಐಟಿಐ ಮುಗಿಸಿ ಎರಡು ವರ್ಷ.
ನನ್ನ ಮಗಳ ವಯಸ್ಸು; ನಾನು ಅಕ್ಕೋರೇ ಅನ್ನುತ್ತೇನೆ,
ನಾಚುತ್ತಾಳೆ, ಆದರೆ ಬೈಯುವುದು ಬಿಡುವುದಿಲ್ಲ.

ಮೊದಲು ನೀರು ಸುತ್ತುತ್ತಿದೆಯಾ ನೋಡಿ, ಆಮೇಲೆ ಫ್ಯಾನು.
ಮುಚ್ಚಳ ಹಾಕದೆ ಗುಂಡಿ ಒತ್ತಬೇಡಿ.
ಒಲೆಯ ಮೇಲೆ ಹಾಲಿಟ್ಟವರ ಹಾಗೆ ಇಲ್ಲೇ ನಿಲ್ಲಬೇಕು,
ಚಹಾ ಬಂದರೂ ಸರಿ, ಗಂಡನ ಫೋನು ಬಂದರೂ ಸರಿ.
ಪಿವಿಸಿ ತಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿ,
ಅದರ ಹೊಗೆ ವಿಷ.
ಅಕ್ರಿಲಿಕ್‌ನಲ್ಲೂ ಎರಡು ಜಾತಿ, ನೋಡಲು ಒಂದೇ:
ಎರಕದ್ದು ಕೊರೆದರೆ ಕಾಯಿತುರಿಯಂತೆ ಬೆಳ್ಳಗೆ,
ಇನ್ನೊಂದು ಕೊರೆದರೂ ಕೊರೆದಂತೆ ಕಾಣುವುದಿಲ್ಲ.
ಅಂಗಡಿಯವನ ಮಾತು ನಂಬಬೇಡಿ, ಮೂಲೆಯಲ್ಲಿ ಗೀರು ಹಾಕಿ ನೋಡಿ.

ಅದು ನನಗೆ ಗೊತ್ತು. ಕಿವಿರು ಎತ್ತಿ ನೋಡದೆ
ನಾನು ಬಂಗಡೆ ಕೊಂಡವಳಲ್ಲ.

ಮೊದಲ ಹಾಳೆ: ವೇಗ ಕಡಿಮೆ, ಅಂಚು ಬೆಲ್ಲದ ಪಾಕ.
ಎರಡನೆಯದು: ವೇಗ ಹೆಚ್ಚು, ಅಕ್ಷರ ಬಿಟ್ಟು ಬರಲಿಲ್ಲ.
ಮೂರನೆಯದಕ್ಕೆ ಮೇಲಿನ ಕಾಗದ ಮೊದಲೇ ಸುಲಿದೆ,
ಹೊಗೆ ಕೂತು ಸುತ್ತ ಕಂದು ಕಲೆ.
ನಾಲ್ಕನೆಯದು ಸರಿಯಿತ್ತು, ಅರ್ಧಕ್ಕೆ ಕರೆಂಟು ಹೋಯಿತು.
ಹೊಳಪು ಉಳಿಯಲೆಂದು ಹಿಂಬದಿಯಿಂದ ಕೊರೆಯುವುದು ಕಲಿತೆ;
ಪರದೆಯ ಮೇಲೆ ಸುಗಂಧಾ ಎಂಬ ನನ್ನದೇ ಹೆಸರು
ಜಗಳಾಡಿದ ನಾದಿನಿಯಂತೆ ಆ ಕಡೆ ಮುಖ ಮಾಡಿ ನಿಂತಿತ್ತು.

ಕೊರೆಯುವುದು ಬೇರೆ, ಕತ್ತರಿಸುವುದು ಬೇರೆ ಎಂದು
ತಿಳಿಸಿದ್ದು ಸೊನ್ನೆ.
ಸ್ಟೀಲಿನ ಮೇಲೆ ಸೊನ್ನೆ ಎಂದರೆ ಕೈಯ ಒಂದು ಸುತ್ತು.
ಇಲ್ಲಿ ಸುತ್ತು ಮುಗಿದದ್ದೇ ನಡುವಿನದು ಟಪ್ಪೆಂದು
ಜಾಲರಿಯ ಕೆಳಗೆ ಬೀಳುತ್ತದೆ, ಬಳೆ ಮಾತ್ರ ಉಳಿಯುತ್ತದೆ.
ಒತ್ತಕ್ಷರಗಳೂ ಹಾಗೇ, ಮೇಲಿನವರ ಕೈಬಿಟ್ಟು ಬೇರೆಯಾಗುತ್ತವೆ,
ಅಂಟು ಹಚ್ಚಿ, ಚಿಮಟದಲ್ಲಿ ಹಿಡಿದು, ಉಸಿರು ಕಟ್ಟಿ
ಸಂಸಾರಕ್ಕೆ ಕೂಡಿಸಬೇಕು.
ಬಿದ್ದವನ್ನು ಎಸೆಯಲಾಗದೆ ಬಿಸ್ಕಿಟ್ ಡಬ್ಬಿಗೆ ಹಾಕಿದೆ.
ತಿಂಗಳ ಕೊನೆಗೆ ಸಂಘದವರು ಲಾಭ ಎಷ್ಟು ಎಂದಾಗ
ಡಬ್ಬಿ ಅಲುಗಿಸಿ ತೋರಿಸಿದೆ: ಸೊನ್ನೆ, ಬೇಕಾದಷ್ಟು.

ಬೈತಖೋಲದಿಂದ ಪುರ್ಸು ಹರಿಕಾಂತ ಬಂದ.
ಬೋಟಿನ ಕ್ಯಾಬಿನ್ನಿಗೆ ಹೆಸರು, ಕೆಂಪು ಹಾಳೆ: ಗಂಗಾಂಬಿಕಾ.
ಕತ್ತರಿಸಿ, ಅಂಟಿಸಿ, ಒರೆಸಿ ಕೊಟ್ಟೆ.
ಬೆಳಕಿಗೆ ಹಿಡಿದು ಓದಿದ, ಅಡ್ಡಿಲ್ಲ ಅಂದ.
ಆಮೇಲೆ: ಸೊನ್ನೆಯೊಳಗಿಂದ ಬಿದ್ದವೆರಡು ಎಲ್ಲಿ?
ಹಾಳೆಯ ದುಡ್ಡು ಕೊಟ್ಟವ ನಾನಲ್ಲವಾ?
ಕೊಟ್ಟೆ. ತಿರುಗಿಸಿ ನೋಡಿದ,
ಅಂಚಿನ ಹತ್ತಿರ ಒಂದೊಂದು ತೂತು ಹಾಕಿಕೊಡಿ ಅಂದ.
ಯಾಕೆಂದು ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು, ಬೆಳಿಗ್ಗೆ, ಮಳಿಗೆಯ ಬಾಗಿಲಲ್ಲಿ
ಬಾಳೆಲೆಯಲ್ಲಿ ಸುತ್ತಿದ ಇಸ್ವಾಣ, ಮೊಣಕೈ ಉದ್ದ.
ನಿಮ್ಮ ಸೊನ್ನೆಗೆ ಕಚ್ಚಿತು, ಅಂದ ಪುರ್ಸು.
ಗಾಳದ ಮೇಲೆ ಕಟ್ಟಿದ್ದೆ, ನೀರೊಳಗೆ ಏನು ಮಿಂಚುತ್ತದೆ ಅಂತೀರಿ!
ಇನ್ನೊಂದನ್ನು ಮೀನೇ ಒಯ್ದಿತು. ಇಪ್ಪತ್ತು ಬೇಕು.

ತನುಜಾ ಮೀನು ನೋಡಿದಳು, ಡಬ್ಬಿ ನೋಡಿದಳು.
ನಾನು ನೀರು ಸುತ್ತುತ್ತಿದೆಯಾ ನೋಡಿ ಫ್ಯಾನು ಹಾಕಿದೆ.
ಹೊಸ ಫೈಲಿಗೆ ಹೆಸರೇನು ಎಂದು ಕೇಳಿತು ಕಂಪ್ಯೂಟರು.
ಇಸ್ವಾಣ ಎಂದು ಒತ್ತಿದೆ.
ಇದರಲ್ಲಿ ಸೊನ್ನೆಯೇ ಇಲ್ಲ, ಅಂದರು ಅಕ್ಕೋರು.