ತೊರಕೆಯ ನಾಡಿ

ಚೆಂಬೂರಿನ ಹದಿನಾಲ್ಕನೆಯ ಮಹಡಿ.
ಸೋಫಾಕ್ಕಿಂತ ಉದ್ದದ ಗಾಜಿನ ತೊಟ್ಟಿ.
ಒಳಗೆ ಮರಳ ಮೇಲೆ, ಯಾರೋ ಮರೆತ ಕರಕಲು ರೊಟ್ಟಿ:
ಬಿಳಿ ಚುಕ್ಕೆಯ ತೊರಕೆ ಮೀನು.
"ಮೂರು ದಿನದಿಂದ ಸಿಗಡಿ ಮುಟ್ಟಿಲ್ಲ, ಡಾಕ್ಟರ್"
ಎಂದರು ಮೋಟ್ವಾನಿ.

ನಾನು ಡಾಕ್ಟರಲ್ಲ.
ಕುರ್ಲಾದಲ್ಲಿ ಹದಿನೇಳು ವರ್ಷ
ಪಂಪು ಮಾರಿದವನು, ಪಾಚಿ ಉಜ್ಜಿದವನು,
ರಾತ್ರಿಶಾಲೆಯ ರಸಾಯನಶಾಸ್ತ್ರದಲ್ಲಿ
ಎರಡು ಸಲ ನಪಾಸಾದವನು.

ಇದರ ನಾಡಿ ಹಿಡಿಯಲು ಕೈಯಿಲ್ಲ.
ನಾಲಗೆ ಚಾಚು ಎನ್ನೋಣವೆಂದರೆ
ಬಾಯಿ ಇರುವುದು ಹೊಟ್ಟೆಯ ಕಡೆ.
ಮಂಡಿಯೂರಿ, ಗಾಜಿಗೆ ಹಣೆ ಒತ್ತಿ
ಉಸಿರು ಎಣಿಸಿದೆ, ಬಾಯಿಬಿಟ್ಟು, ಮರಾಠಿಯಲ್ಲಿ.
ಕಣ್ಣ ಹಿಂದಿನ ಎರಡು ತೂತು
ತೆರೆದು ಮುಚ್ಚಿ, ತೆರೆದು ಮುಚ್ಚಿ
ನಿಮಿಷಕ್ಕೆ ತೊಂಬತ್ತೆಂಟು.
ದಾದರಿನಲ್ಲಿ ಓಡಿ ಲೋಕಲ್ ಹಿಡಿದವರ ಎದೆ.
ಮೈಯಂಚು ಮೇಲಕ್ಕೆ ಸುರುಳುತ್ತಿದೆ.
ಆ ಸುರುಳಿಗೆ ನಮ್ಮ ಧಂದೆಯಲ್ಲೊಂದು ಹೆಸರಿದೆ,
ಮನೆಯವರೆದುರು ಹೇಳುವುದಿಲ್ಲ.

ಆಗ ಅದು ಗಾಜು ಹತ್ತಿ ಹೊಟ್ಟೆ ತೋರಿತು.
ಬಿಳಿಯ ಮೇಲೆ ಬಿಸಿ ಚಹಾ ಚೆಲ್ಲಿದ ಕೆಂಪು.
ಬಾಯಿ, ಮೂಗಿನ ಹೊಳ್ಳೆ, ಐದೈದು ಕಿವಿರುಗೀರು
ಎಲ್ಲ ಸೇರಿ ನಗುಮುಖದಂತೆ ಕಾಣುತ್ತದೆ
ಸಾಯುವಾಗಲೂ.
"ಖುಷಿಯಾಗಿದೆ ನೋಡಿ" ಎಂದಳು ಮೊಮ್ಮಗಳು.

ನನ್ನಮ್ಮ ವರ್ಸೋವಾದಲ್ಲಿ ಮೀನಬುಟ್ಟಿ ಮುಂದಿಟ್ಟು ಕೂತವಳು.
ತೊರಕೆಯ ಕಿವಿರೆತ್ತಿ ಮೂಸುವಳು,
ಮೂಗಿಗೆ ಚುರುಕ್ಕೆಂದರೆ ಪಕ್ಕಕ್ಕೆ.
ಸಾರಿಗೆ ಮೆಣಸು ದುಪ್ಪಟ್ಟು ಅರೆಯುವಳು:
"ಈ ಜಾತಿಗೆ ಉಚ್ಚೆಯ ವಾಸನೆ ಮೈಯಲ್ಲೇ ಇದೆ ಮಗಾ."
ಅಮೋನಿಯ ಎಂಬ ಹೆಸರು ಕೇಳದೆಯೇ ತೀರಿಕೊಂಡಳು.
ನಾನೂ ತೊಟ್ಟಿಯ ನೀರು ಮೂಸಿದೆ.
ಏನೂ ಇಲ್ಲ. ಅಮ್ಮನ ಮೂಗು ನನಗೆ ಬಂದಿಲ್ಲ.

ಕೊಳವೆಯಲ್ಲಿ ಐದು ಮಿಲಿ ನೀರು,
ಈ ಬಾಟಲಿಯ ಎಂಟು ಹನಿ, ಆ ಬಾಟಲಿಯ ಎಂಟು.
ಐದು ನಿಮಿಷ ಕಾಯಬೇಕು.
ಕಾಯುತ್ತ ಕೇಳಿದೆ: ಹೊಸ ಮೀನು? ಇಲ್ಲ.
ಸೊಳ್ಳೆಯ ಔಷಧ? ಇಲ್ಲ. ಟ್ಯಾಂಕರ್ ನೀರು?
ನಮ್ಮ ಸೊಸೈಟಿಯಲ್ಲಾ! ಎಂದು ಅವರಿಗೆ ಬೇಜಾರು.
ಅಷ್ಟರಲ್ಲಿ ಹಳದಿ ನಿಂಬೆಯಾಯಿತು,
ನಿಂಬೆ ತೋತಾಪುರಿ ಸಿಪ್ಪೆಯಾಯಿತು,
ಅಲ್ಲಿಗೂ ನಿಲ್ಲಲಿಲ್ಲ ಹಸಿರು.

ಫಿಲ್ಟರ್ ತೆಗೆದೆ.
ಸ್ಪಂಜು ಹೊಸ ಇಡ್ಲಿಯಷ್ಟು ಬಿಳಿ.
ಒಂದೂವರೆ ವರ್ಷ ಕಟ್ಟಿದ್ದ ಕಂದು ಲೋಳೆ,
ವಿಷ ತಿಂದು ನೀರು ಉಳಿಸುತ್ತಿದ್ದ
ಕಣ್ಣಿಗೆ ಕಾಣದ ಆ ಸಂಸಾರ,
ಗುಡಿಸಿ ಒರೆಸಿ ಹೋಗಿತ್ತು.
ಅಡುಗೆಮನೆ ಬಾಗಿಲಲ್ಲಿ ಶೇವಂತಾಬಾಯಿ
ಸೆರಗಿಗೆ ಕೈ ಒರೆಸುತ್ತ, ಮೆಲ್ಲಗೆ:
"ಎಷ್ಟು ಕೊಳೆ ಇತ್ತು ಭಾವು! ಮೂಕಪ್ರಾಣಿ, ಹೇಗೆ ಇರುತ್ತೆ?
ಬ್ರಷ್ ಹಾಕಿ ತೊಳೆದು ಫ್ಯಾನಿನಡಿ ಒಣಗಿಸಿದೆ."

ಫೋನು ಮುಗಿಸಿ ಬಂದರು ಮೋಟ್ವಾನಿ.
"ಒಂದು ಲಕ್ಷದ ಮೀನು. ಯಾರ ತಪ್ಪು?"
ಅವಳ ಹತ್ತು ತಿಂಗಳ ಪಗಾರ
ನಮ್ಮ ಮೂವರ ನಡುವೆ ಉಸಿರಾಡುತ್ತಿತ್ತು.
"ನೀರಿನದು ಸಾಹೇಬ್. ಮಳೆಗಾಲವಲ್ಲವಾ,
ಪಾಲಿಕೆಯವರು ಕ್ಲೋರಿನ್ ಸುರಿಯುತ್ತಾರೆ."
ಪಾಲಿಕೆಗೆ ಇನ್ನೊಂದು ಬೈಗುಳ ಭಾರವೇ?

ಅರ್ಧ ನೀರು ಹೊರಗೆ. ಕ್ಲೋರಿನ್ ಮುರಿದ ಹೊಸ ನೀರು ಒಳಗೆ.
ಊಟ ಬಂದ್. ಔಷಧ ಯಾವುದೂ ಬೇಡ.
ಮಾಟುಂಗಾದ ಇನ್ನೊಂದು ತೊಟ್ಟಿಯಿಂದ
ಚೀಲದಲ್ಲಿ ತಂದೆ ಒಂದು ಕೊಳಕು ಸ್ಪಂಜು,
ನೆರೆಮನೆಯಿಂದ ಹೆಪ್ಪು ತಂದ ಹಾಗೆ.
ಶೇವಂತಾಬಾಯಿಗೆ ತೋರಿಸಿ "ವಿರಜಣ" ಎಂದೆ.
"ತೊಳೆಯುತ್ತಾರಾ ಯಾರಾದರೂ?"
ಅವಳ ಮುಖ ಇಳಿದ ರೀತಿಗೆ
ಹೇಳಬಾರದಿತ್ತು ಅನಿಸಿತು.

ರಾತ್ರಿ ಒಂದೂವರೆಗೆ ಫೋನು. ಪಿಸುದನಿ.
ಹಾಲಿನಲ್ಲಿ ದೀಪ ಹಾಕದೆ
ತೊಟ್ಟಿಯ ಮುಂದೆ ಕೂತಿದ್ದಾಳಂತೆ.
"ಎಂಬತ್ತನಾಲ್ಕು ಬಂತು ಭಾವು.
ಒಳ್ಳೆಯದಾ, ಕೆಟ್ಟದ್ದಾ?"
ಸುರುಳಿ ಬಿಚ್ಚಿದೆಯಾ ಎಂದೆ.
ಕತ್ತಲು, ಕಾಣಿಸುತ್ತಿಲ್ಲ, ಎಂದಳು.
"ಇನ್ನೊಮ್ಮೆ ಎಣಿಸಿ."
ಏಕ್, ದೋನ್, ತೀನ್...
ಹಾಸಿಗೆಯಲ್ಲಿ ಎದ್ದು ಕೂತು
ನಾನು ಗಡಿಯಾರ ಹಿಡಿದೆ.